ಶ್ರುತಿಗೆ, ಹೊಸ ಕೆಲಸಕ್ಕೆ ಸೇರುವ ಮುಂಚೆ

ಪ್ರೀತಿಯ ಶ್ರುತಿ,

ಯೂನಿವರ್ಸಿಟಿಯ ಫ್ರಟರ್ನಿಟಿ, ಸೊರೊರಿಟಿಗಳನ್ನು, ಅಂದರೆ ಹುಡುಗರ, ಹುಡುಗಿಯರ ವಿದ್ಯಾರ್ಥಿ ಸಂಘಗಳನ್ನು ನೋಡಿಕೊಳ್ಳುವ ಡೈರೆಕ್ಟರ್ ಕೆಲಸ ನಿನಗೆ ಸಿಕ್ಕಿದೆ ಅಂತ ಅಕ್ಕ ಫೋನ್ ಮಾಡಿ ಹೇಳಿದಳು. ಖುಷಿಯಾಯಿತು. "ಹುಡುಗರು ಕುಡಿದು ಕುಣಿಯುವುದನ್ನು ಕಾಯೋಕೆ ಇಷ್ಟೆಲ್ಲ ಓದಬೇಕಿತ್ತಾ?" ಅಂತಾನೂ ಕೇಳಿದಳು. ಅವಳಿಗೆ ನಿಧಾನವಾಗಿ ಹೇಳೋಣ. ಇಲ್ಲಿ ಅಮೆರಿಕದಲ್ಲಿ ಇಷ್ಟು ವರ್ಷ ಡೀನ್ ಆಫೀಸಿನಲ್ಲಿ ಕೂತವಳು ನಾನು, ನಿನಗೆ ಈಗಲೇ ನಾಲ್ಕು ಮಾತು ಹೇಳಬೇಕು.

ನಿನ್ನ ನಿಜವಾದ ಕೆಲಸ ಒಂದೇ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ಪ್ರಜ್ಞೆ ತಪ್ಪಿ ಬಿದ್ದರೆ, ಪಕ್ಕದಲ್ಲಿರುವವನು ಹೆದರದೆ ಫೋನ್ ಮಾಡಬೇಕು. ಮೊದಲು ತುರ್ತು ಸಹಾಯದ 911ಕ್ಕೆ, ಆಮೇಲೆ ನಿನಗೆ. ಅವಾರ್ಡ್ ನೈಟು, ಲೀಡರ್‌ಶಿಪ್ ಕ್ಯಾಂಪು, ಟೀಶರ್ಟು, ಇವೆಲ್ಲ ಆ ಫೋನ್ ಬರುವುದಕ್ಕೆ ಸಹಾಯವಾದರೆ ಸರಿ, ಇಲ್ಲದಿದ್ದರೆ ಬರೀ ಗದ್ದಲ.

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್‌ನಲ್ಲಿ ಆದದ್ದು ನಿನಗೆ ಗೊತ್ತೇ ಇರುತ್ತದೆ. ಟಿಮೊಥಿ ಪಿಯಾಜಾಗೆ 19 ವರ್ಷ. ಬೀಟಾ ಥೀಟಾ ಪೈ ಅನ್ನೋ ಫ್ರಟರ್ನಿಟಿಗೆ ಸೇರಿಸಿಕೊಂಡ ರಾತ್ರಿಯೇ ಕುಡಿಸಿದರು, ಬೇಸ್‌ಮೆಂಟ್ ಮೆಟ್ಟಿಲ ಮೇಲಿಂದ ಬಿದ್ದ, ಆ್ಯಂಬುಲೆನ್ಸ್ ಕರೆದದ್ದು ಮಾತ್ರ ಸುಮಾರು ಹನ್ನೆರಡು ಗಂಟೆ ಕಳೆದ ಮೇಲೆ. ಹುಡುಗ ಉಳಿಯಲಿಲ್ಲ. ಕಾಗದದ ಮೇಲೆ ನೋಡಿದರೆ ಆ ಮನೆಯಲ್ಲಿ ಮದ್ಯವೇ ಇರಬಾರದಿತ್ತು! ಮರುವರ್ಷ ಪೆನ್ಸಿಲ್ವೇನಿಯಾ ಅವನ ಹೆಸರಿನಲ್ಲೇ ಹೇಜಿಂಗ್ (ಸಂಘಕ್ಕೆ ಸೇರುವವರಿಗೆ ಕೊಡುವ ಹಿಂಸೆ) ವಿರುದ್ಧ ಕಾನೂನು ಮಾಡಿತು, ಸಹಾಯಕ್ಕೆ ಕರೆದವನಿಗೆ ಅದರಲ್ಲಿ ರಕ್ಷಣೆಯೂ ಇದೆ.

ಆದರೆ ರೂಲ್ಸ್ ಇದ್ದರೆ ಸಾಲದು. ಭಾನುವಾರ ರಾತ್ರಿ ಚಾಪ್ಟರ್ (ಸಂಘದ ಕ್ಯಾಂಪಸ್ ಶಾಖೆ) ಮೀಟಿಂಗಿಗೆ ನೀನೇ ಹೋಗಿ ಹೇಳು. ಹಿಂದೆ ಕೂತ ಯಾರೋ ಒಬ್ಬ ಖಂಡಿತ ಕೇಳುತ್ತಾನೆ, "ಕರೆದವನಿಗೆ ಶಿಕ್ಷೆ ಇಲ್ಲ, ಸರಿ. ನಮ್ಮ ಚಾಪ್ಟರ್‌ಗೆ?" ಬಹಳ ಕಡೆ ಮಾಫಿ ಸಿಗುವುದು ಹುಡುಗನಿಗೆ, ಚಾಪ್ಟರ್‌ಗಲ್ಲ. ಇಪ್ಪತ್ತು ವರ್ಷದ ಪ್ರೆಸಿಡೆಂಟ್ ಫೋನ್ ಕೈಯಲ್ಲಿ ಹಿಡಿದು ಲೆಕ್ಕ ಹಾಕುವುದು ಇದನ್ನೇ. ನಿಮ್ಮಲ್ಲಿ ಹೇಗಿದೆ ಅಂತ ಸೇರಿದ ಮೊದಲ ವಾರವೇ ತಿಳಿದುಕೋ, ಸರಿಯಿಲ್ಲದಿದ್ದರೆ ಅದನ್ನು ಬದಲಾಯಿಸಲು ಜಗಳ ಆಡು. ನನ್ನ ಕೇಳಿದರೆ ಬೇರೆ ಯಾವುದಕ್ಕೂ ಅಷ್ಟು ಜಗಳ ಆಡಬೇಕಾಗಿಲ್ಲ.

ಇನ್ನೊಂದು. ಈ ಸಂಘಗಳ ಎಷ್ಟೋ ಮನೆಗಳು ಯೂನಿವರ್ಸಿಟಿಯದ್ದಲ್ಲ, ಹಳೆ ವಿದ್ಯಾರ್ಥಿಗಳ ಕಂಪನಿಯದ್ದು. ಬೀಗದ ಕೈ ನಿನ್ನ ಹತ್ತಿರ ಇರಲ್ಲ. ಇರುವ ಅಸ್ತ್ರ ಸಂಘಕ್ಕೆ ಯೂನಿವರ್ಸಿಟಿ ಕೊಡುವ ಮಾನ್ಯತೆ ಒಂದೇ, ಅದನ್ನು ಕಿತ್ತುಕೊಂಡರೆ ಅದೇ ಹುಡುಗರು ಕ್ಯಾಂಪಸ್ಸಿನ ಹೊರಗೆ ಮನೆ ಮಾಡಿ, ಯಾರ ಕಣ್ಣಿಗೂ ಬೀಳದ ಹಾಗೆ ಅದನ್ನೇ ಮುಂದುವರಿಸುತ್ತಾರೆ. ಮೇಲಿನಿಂದ ಸಂಘದ ರಾಷ್ಟ್ರೀಯ ಕಚೇರಿಯಾದ ನ್ಯಾಷನಲ್ಸ್‌ನ ವಕೀಲರು, ಪಕ್ಕದಿಂದ ದೇಣಿಗೆ ಕೊಡುವ ಅಲಮ್ನೈ. ಅತ್ತ ದರಿ ಇತ್ತ ಪುಲಿ. 2024ರ ಕೊನೆಯಲ್ಲಿ ಫೆಡರಲ್ ಕಾನೂನು ಬಂದಿದ್ದು ನಿನಗೆ ಒಳ್ಳೆಯದೇ ಆಯಿತು, ಹೇಜಿಂಗ್ ಮಾಡಿ ಸಿಕ್ಕಿಬಿದ್ದ ಸಂಘದ ಹೆಸರನ್ನು ಕಾಲೇಜು ಈಗ ಬಹಿರಂಗ ಮಾಡಲೇಬೇಕು. "ನನ್ನ ಕೈಯಲ್ಲಿಲ್ಲ ಸಾರ್" ಅಂತ ಹೇಳಲು ನಿನಗೊಂದು ಆಧಾರ.

ಮನೆಯೊಳಗೆ ಏನು ನಡೀತಿದೆ ಅಂತ ಮೊದಲು ಗೊತ್ತಾಗುವುದು ಅಡುಗೆಯವರಿಗೆ, ಕ್ಲೀನಿಂಗಿನವರಿಗೆ. ಹೊಸ ಹುಡುಗ ತಟ್ಟೆ ಹಿಡಿದು ಸೀನಿಯರ್ ಮುಖ ನೋಡುತ್ತಾ ನಿಂತಿದ್ದಾನೆ, ತಿನ್ನಲೂ ಅಪ್ಪಣೆ ಬೇಕು ಅನ್ನೋ ಥರ. ಇದು ಯಾವ ಫಾರ್ಮಿನಲ್ಲೂ ಬರಲ್ಲ. ಅವರ ಹೆಸರು ಕೇಳಿ ಇಟ್ಟುಕೋ, ಅಡುಗೆಮನೆ ಬಾಗಿಲಿಂದ ಒಳಗೆ ಹೋಗು.

"ಅವನೇ ಒಪ್ಪಿಕೊಂಡಿದ್ದ" ಅಂತ ಹುಡುಗರು ವಾದ ಮಾಡುತ್ತಾರೆ. ನಮ್ಮೂರಿನ ರ‍್ಯಾಗಿಂಗ್‌ಗೂ ಇದಕ್ಕೂ ವ್ಯತ್ಯಾಸ ಇರುವುದು ಅಲ್ಲೇ. ಅಲ್ಲಿ ಹಾಸ್ಟೆಲ್‌ಗೆ ಬಂದ ತಪ್ಪಿಗೆ ಅನುಭವಿಸುತ್ತಾರೆ, ಇಲ್ಲಿ ಸೇರಿಸಿಕೊಳ್ಳಿ ಅಂತ ತಾವೇ ಕೇಳಿಕೊಂಡು ಬಂದಿರುತ್ತಾರೆ. ಬಹಳ ರಾಜ್ಯಗಳಲ್ಲಿ ಒಪ್ಪಿಗೆ ಇತ್ತು ಅನ್ನುವುದು ಕೋರ್ಟಿನಲ್ಲಿ ನಿಲ್ಲಲ್ಲ. ನಿನ್ನ ಹತ್ತಿರವೂ ನಿಲ್ಲದಿರಲಿ.

ದೊಡ್ಡ ಮನೆಗಳ ಗಲಾಟೆಯಲ್ಲಿ ಚಿಕ್ಕ ಸಂಘಗಳನ್ನು ಮರೆಯಬೇಡ. 1906ರಲ್ಲಿ ಕಾರ್ನೆಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿದ್ದು ಶೋಕಿಗಲ್ಲ, ಒಂಟಿಯಾಗಿ ಅಲ್ಲಿ ಉಳಿಯುವುದೇ ಕಷ್ಟ ಅಂತ. ಇವತ್ತೂ ಅಂಥ ಎಷ್ಟೋ ಚಾಪ್ಟರ್‌ಗಳಿಗೆ ಸ್ವಂತ ಮನೆ ಇಲ್ಲ, ಹತ್ತು ಹನ್ನೆರಡು ಜನ, ಫಾರ್ಮ್ ಮಾತ್ರ ನೂರು ಜನರ ಮನೆಯಷ್ಟೇ. ದಕ್ಷಿಣ ಏಷ್ಯಾದ ಮಕ್ಕಳ ಸಂಘಗಳೂ ಇವೆ. ನಿನ್ನ ಹೆಸರು ನೋಡಿ ಆ ಮಕ್ಕಳು "ಅಕ್ಕಾ" ಅನ್ನದಿದ್ದರೂ ಹಾಗೇ ಬಂದು ಕೂರುತ್ತಾರೆ. ಕೇಳು, ಆದರೆ ಸಲಿಗೆ ಕೊಡಬೇಡ. ಹೇಜಿಂಗ್ ಅಲ್ಲೂ ಇದೆ, ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಲಾಗದ ಕಾರಣಕ್ಕೆ ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ.

ಕೊನೆಗೆ ನಿನ್ನ ವಿಷಯ. ಈ ಕೆಲಸದಲ್ಲಿ ಜನ ಬೇಗ ಸುಸ್ತಾಗಿ ಬಿಟ್ಟು ಹೋಗುತ್ತಾರೆ. ಶುಕ್ರವಾರ, ಶನಿವಾರ ರಾತ್ರಿ ಡ್ಯೂಟಿ ಫೋನ್ ಯಾರ ಕೈಯಲ್ಲಿರುತ್ತದೆ, ನಿನ್ನ ಕೆಳಗೆ ಎಷ್ಟು ಜನ, ಬಿಡ್ ಡೇ (ಹೊಸಬರನ್ನು ಸೇರಿಸಿಕೊಳ್ಳುವ ದಿನ) ವಾರ ಮುಗಿದ ಮೇಲೆ ರಜೆ ಕೊಡುತ್ತಾರಾ, ಇದನ್ನೆಲ್ಲ ಬಾಯಿಮಾತಲ್ಲಿ ಬಿಡಬೇಡ, ಬರೆಸಿಕೋ. ಸಂಕೋಚ ಬೇಡ ಪುಟ್ಟಿ. ಸಹಿ ಹಾಕುವ ಮುಂಚೆ ಆ ಲೆಟರ್ ನನಗೊಂದು ಸಲ ಕಳಿಸು.

ನಿನ್ನ ಚಿಕ್ಕಮ್ಮ