ಪುಟ್ಟಿ ಓದುತ್ತಿರುವ ಪುಸ್ತಕದ ಬಗ್ಗೆ ಅಪ್ಪಯ್ಯನಿಗೆ

ಶಿಕಾಗೋ

ತೀರ್ಥರೂಪ ಅಪ್ಪಯ್ಯನಿಗೆ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತೆಂದು ಅಮ್ಮ ಹೇಳಿದಳು. ಅಡಿಕೆಗೆ ಮೊದಲ ಸಲದ ಔಷಧಿ ಹೊಡೆಸಿ ಆಯಿತೋ, ಇಲ್ಲ ಮರ ಹತ್ತುವ ಕೊನೆಗೌಡ ಈ ವರ್ಷವೂ ಕೈಕೊಟ್ಟನೋ?

"ಎಂಥಾ ಪುಸ್ತಕ ಕಳಿಸಿದ್ದೀಯ, ಪುಟ್ಟಿ ತಲೆ ಕೆಟ್ಟುಹೋಗಿದೆ, ಸೈನ್ಸ್ ಬೇಡ ಆರ್ಟ್ಸ್ ಎನ್ನುತ್ತಿದ್ದಾಳೆ" ಎಂದು ಫೋನಿನಲ್ಲಿ ರೇಗಿದಿರಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ಅದರ ಹೆಸರು 'ಡೈವರ್ಜೆಂಟ್'. ವೆರೋನಿಕಾ ರಾತ್ ಎಂಬಾಕೆ ಕಾಲೇಜಿನಲ್ಲಿದ್ದಾಗಲೇ ಬರೆದದ್ದು, 2011ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಇದೇ ಶಿಕಾಗೋದಲ್ಲಿ, ಮುಂದೆಂದೋ ಊರು ಹಾಳುಬಿದ್ದ ಕಾಲದಲ್ಲಿ. ಜನರೆಲ್ಲ ಐದು ಪಂಗಡ. 16 ತುಂಬಿದವರು ಎಲ್ಲರೆದುರು ಅಂಗೈ ಕೊಯ್ದುಕೊಂಡು, ಕಲ್ಲು, ನೀರು, ಮಣ್ಣು, ಗಾಜು, ಕೆಂಡ ಇರುವ ಐದು ಬೋಗುಣಿಗಳಲ್ಲಿ ಒಂದಕ್ಕೆ ರಕ್ತ ಬಿಡಬೇಕು. ಆಮೇಲೆ ಆ ಪಂಗಡವೇ ಮನೆ. ಬಿಯಾಟ್ರಿಸ್ ಹುಟ್ಟಿದ್ದು ಪರರ ಸೇವೆಯೇ ಬದುಕು ಎನ್ನುವವರ ಮನೆಯಲ್ಲಿ. ಕನ್ನಡಿ ನೋಡಿಕೊಳ್ಳುವುದಕ್ಕೂ ಅಲ್ಲಿ ದಿನ ಗೊತ್ತುಮಾಡಿರುತ್ತಾರೆ. ಅವಳು ಹೋಗಿ ಧೈರ್ಯವೇ ದೊಡ್ಡದು ಎನ್ನುವವರ ಕೆಂಡದ ಮೇಲೆ ಕೈ ಚಾಚುತ್ತಾಳೆ, ರಕ್ತ ಚುಯ್ ಎನ್ನುತ್ತದೆ. ಪುಟ್ಟಿ ಮರುಳಾಗಿರುವುದು ಆ ಪುಟಕ್ಕೇ ಇರಬೇಕು. ನಾನೂ ಆಗಿದ್ದೆ.

ಆ ಪಂಗಡದವರು ಚಲಿಸುವ ರೈಲಿನಿಂದ ಹಾರುತ್ತಾರೆಂದು ಕೇಳಿ ಗಾಬರಿಯಾದಿರಂತೆ. ಈ ಊರಿನ ಆ ಎತ್ತರದ ಹಳಿಯ ರೈಲಿನಲ್ಲೇ ನಾನು ಕೆಲಸಕ್ಕೆ ಹೋಗುವುದು. ಬಾಗಿಲು ತೆಗೆದ ಮೇಲೇ ಇಳಿಯುತ್ತೇವೆ, ಅಮ್ಮನಿಗೂ ಹೇಳಿ.

ಪುಸ್ತಕದಲ್ಲಿ ಎಲ್ಲವೂ ನನಗೆ ಹಿಡಿಸಿತೆಂದಲ್ಲ. ಜನರನ್ನು ಗುಂಪು ಮಾಡಿ ಇಡುವುದು ನಮಗೇನು ಹೊಸದೇ? ಅಜ್ಜನ ಮನೆಯ ಊಟದಲ್ಲಿ ಯಾರು ಒಳಗೆ, ಯಾರು ಜಗುಲಿಯಲ್ಲಿ, ಯಾರು ಅಂಗಳದಲ್ಲಿ ಎಂದು ನೀವೇ ಹೇಳಿದ್ದೀರಿ. ಯಾವ ಪಂಗಡಕ್ಕೂ ಸೇರದೆ ಉಳಿದವರೇ ಅಲ್ಲೂ ಕಸ ಗುಡಿಸುವುದು, ಬಸ್ಸು ಓಡಿಸುವುದು. ಅವರ ಪಾಡನ್ನು ಮೊದಲ ಭಾಗದಲ್ಲಿ ಲೇಖಕಿ ಹಾಗೇ ಮುಟ್ಟಿ ಬಿಟ್ಟಿದ್ದಾಳೆ.

ಆದರೆ ಆ ಅಮ್ಮ ಇದ್ದಾಳಲ್ಲ! ಮಗಳು ಇನ್ನೂ ಆರಿಸುವ ಮೊದಲೇ, ಏನೇ ಆದರೂ ನನ್ನ ಪ್ರೀತಿ ಇದ್ದೇ ಇದೆ ಎಂದು ಹೇಳಿಬಿಡುತ್ತಾಳೆ. ಬಿಟ್ಟುಹೋದವಳನ್ನು ಭೇಟಿಯ ದಿನ ಹುಡುಕಿಕೊಂಡೂ ಬರುತ್ತಾಳೆ. ಅಪ್ಪ ಬರುವುದಿಲ್ಲ. ಬೇರೆ ಏನೂ ಬೇಡ, ಆ ಎರಡು ಕಡೆ ಮಾತ್ರ ಪುಟ್ಟಿಯಿಂದ ಓದಿಸಿ ಕೇಳಿ.

ಆರ್ಟ್ಸ್ ತಗೊಳ್ಳುತ್ತೇನೆಂದು ಅವಳು ನನಗೆ ಹೇಳಿದ್ದು ದೀಪಾವಳಿಗೆ. ಪುಸ್ತಕ ಅವಳ ಕೈಸೇರಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ. ಸೈನ್ಸಲ್ಲಿ ಅಷ್ಟು ಮಾರ್ಕ್ಸ್ ಇದೆಯಲ್ಲ ಎನ್ನುತ್ತೀರಿ. ಕಥೆಯ ಬಿಯಾಟ್ರಿಸ್‌ಳ ಪರೀಕ್ಷೆಯಲ್ಲೂ ಮೂರು ಪಂಗಡಕ್ಕೆ ಹೊಂದುತ್ತಾಳೆಂದು ಬಂದಿತ್ತು, ಯಾವುದೆಂದು ಆರಿಸಿದ್ದು ಅವಳೇ. ಮತ್ತೆ ಪುಟ್ಟಿ ಪಿಯುಸಿಗೆ ಸೇರಿದರೂ ಸಂಜೆ ಬಸ್ಸಿಗೆ ಮನೆಗೇ ಬರುತ್ತಾಳೆ. ಅರ್ಜಿ ತರಲು ನೀವೇ ಅವಳ ಜೊತೆ ಹೋಗಿ. ದಾರಿಯಲ್ಲಿ ಸೈನ್ಸ್ ಸುದ್ದಿ ಎತ್ತಬೇಡಿ.

ಉಳಿದೆರಡು ಭಾಗ ಒಟ್ಟಿಗೇ ಕಳಿಸುತ್ತಿದ್ದೇನೆ. ಮೂರನೆಯದರ ಕೊನೆ ನನಗೆ ಸೇರಲಿಲ್ಲ, ಆದರೆ ಅವಳು ಕೇಳುವವಳಲ್ಲ.

ಇಂತಿ ನಿಮ್ಮ ಮಗಳು