ಗುದ್ದಿತೋ, ತಾಗಿತೋ?

ಪ್ರಿಯ ಗೆಳೆಯ,

ಈ ವಯಸ್ಸಿನಲ್ಲಿ ಕಾನೂನು ಓದುವುದೇ ಹೆಚ್ಚು, ಜೊತೆಗೆ ಮನಶ್ಶಾಸ್ತ್ರ ಬೇರೆ ಏಕೆ ಎಂದು ನೀನು ಕೇಳಿದ್ದೆ. ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆ, ನಿಜ. ಆದರೆ ಎರಡೂ ಒಂದೇ ಹೊಳೆಯಲ್ಲಿ ತೇಲುತ್ತಿವೆ.

ನಕಲಿ ಛಾಪಾಕಾಗದ ಹಗರಣದ ತೆಲಗಿ ಮಂಪರು ಪರೀಕ್ಷೆಯಲ್ಲಿ ತೊದಲುತ್ತಿದ್ದುದನ್ನು ಟಿವಿಯಲ್ಲಿ ಬಾಯಿಬಿಟ್ಟು ನೋಡಿದ್ದೆವಲ್ಲ? ಪೆಂಟೋಥಾಲ್ ಎಂಬ ಮಂಪರಿನ ಔಷಧಿ ಚುಚ್ಚಿದರೆ ನಿಜ ತಾನಾಗಿ ಹೊರಬರುತ್ತದೆ ಎಂದು ನಂಬಿದ್ದೆವು. ಆ ಔಷಧಿ ಬಿಗುಮಾನವನ್ನು ಸಡಿಲಿಸುತ್ತದೆ, ಅಷ್ಟೇ. ಮಂಪರಿನಲ್ಲಿರುವವನು ಕಲ್ಪನೆಯನ್ನೂ ಹೇಳಬಹುದು, ಕೇಳುವವನು ಬಾಯಿಗೆ ತುರುಕಿದ್ದನ್ನೂ ಹೇಳಬಹುದು. ಸುಪ್ರೀಂ ಕೋರ್ಟ್ 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ಪರೀಕ್ಷೆ ಯಾವುದನ್ನೂ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಇದಕ್ಕೆ ಮುಖ್ಯ ಬುನಾದಿ. ಹಕ್ಕುಗಳ ಮಾತಷ್ಟೇ ಇರುತ್ತದೆಂದುಕೊಂಡು ತೀರ್ಪು ತೆರೆದರೆ, ನ್ಯಾಯಮೂರ್ತಿಗಳು ಈ ಪರೀಕ್ಷೆಗಳ ವಿಜ್ಞಾನವನ್ನೇ ಪುಟಗಟ್ಟಲೆ ಜಾಲಾಡಿದ್ದಾರೆ. ನಾನು ಈ ಓದಿಗೆ ಬಿದ್ದದ್ದು ಅಲ್ಲಿಯೇ.

ಮಂಪರು ಬೇಡ, ಎಚ್ಚರವಿರುವ ಸಾಕ್ಷಿಯ ನೆನಪಾದರೂ ಗಟ್ಟಿಯೇ? 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲಾಫ್ಟಸ್ ಮತ್ತು ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕೊಂದನ್ನು ತೋರಿಸಿದರು. ಒಂದು ಗುಂಪಿಗೆ ಕಾರುಗಳು ‘ಗುದ್ದಿದಾಗ’ ವೇಗ ಎಷ್ಟಿತ್ತು ಎಂದೂ ಇನ್ನೊಂದಕ್ಕೆ ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದೂ ಕೇಳಿದರು. ಮೂರನೆಯದಕ್ಕೆ ವೇಗದ ಮಾತನ್ನೇ ಎತ್ತಲಿಲ್ಲ. ವಾರದ ನಂತರ, ಒಡೆದ ಗಾಜು ಕಂಡಿತೇ ಎಂಬ ಪ್ರಶ್ನೆ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ಹೌದು ಎಂದರು, ‘ಗುದ್ದಿದಾಗ’ ಎಂದು ಕೇಳಿಸಿಕೊಂಡವರಲ್ಲಿ 7 ಮಂದಿ. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ! ನಮ್ಮ ಪಾಟೀಸವಾಲಿನಲ್ಲಿ ಉತ್ತರವನ್ನು ಒಳಗಿಟ್ಟುಕೊಂಡೇ ಬರುವ ಪ್ರಶ್ನೆಗಳಿಗೆ ಕಾನೂನಿನ ಅನುಮತಿಯಿದೆ. ವಕೀಲರು ಅದನ್ನು ಕೈಚಳಕ ಎನ್ನುತ್ತಾರೆ. ನನಗೀಗ ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಒಂದು ಉಪಕಾರ ಮಾಡು. ಪಿಯುಸಿ ದಿನಗಳಲ್ಲಿ ಸಂತೆ ಬೀದಿಯ ತಿರುವಿನಲ್ಲಿ ನಿನ್ನ ಸೈಕಲ್ಲಿಗೆ ಟೆಂಪೋ ತಾಗಿತಲ್ಲ, ಆ ದಿನದ್ದನ್ನು ನೆನಪಿದ್ದಷ್ಟು ಬರೆದು ಕಳುಹಿಸು. ಅಕ್ಕನನ್ನು ಕೇಳಬೇಡ. ರಸ್ತೆಯ ಮೇಲೆ ಗಾಜಿನ ಬಳೆಗಳು ಚೆಲ್ಲಾಪಿಲ್ಲಿಯಾಗಿದ್ದವು ಎಂದು ನಾನು ಇಷ್ಟು ವರ್ಷ ಆಣೆಯಿಟ್ಟು ಹೇಳುತ್ತಿದ್ದೆ. ಮೊನ್ನೆ ಅಮ್ಮ, ‘ಬಳೆಗಾರ ಆ ಬೀದಿಗೆ ಯಾವತ್ತೋ ಬರುವುದು ಬಿಟ್ಟಿದ್ದ’ ಎಂದರು.

ನಿನ್ನ ಕಾಗದದ ದಾರಿ ನೋಡುತ್ತಿರುತ್ತೇನೆ.

ನಿನ್ನ ಗೆಳೆಯ