ರಥಸಪ್ತಮಿಗೆ ಏಳು ಸಾಕು

ಸಾಗರ
ಭಾನುವಾರ ಮಧ್ಯಾಹ್ನ

ಚಿರಂಜೀವಿ ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಇತ್ತ ಕ್ಷೇಮ, ಅತ್ತಲೂ ಕ್ಷೇಮವೆಂದು ಭಾವಿಸುತ್ತೇನೆ ಎಂದು ಶುರುಮಾಡುವುದು ರೂಢಿ. ನಮ್ಮಿಬ್ಬರ ಮಟ್ಟಿಗೆ ಅದು ಅರ್ಧ ಸುಳ್ಳಾದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನಿನ್ನೆ ರಾತ್ರಿ ನಿನ್ನಮ್ಮ ಫೋನಿನಲ್ಲಿ ನಿನ್ನ ಕಿಡ್ನಿಯ ರಿಪೋರ್ಟ್ ಓದಿ ಹೇಳಿದಳು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್ 1.9, ಕಿಡ್ನಿ ಎಷ್ಟು ಸೋಸುತ್ತಿದೆ ಎನ್ನುವ ಲೆಕ್ಕ ಇಜಿಎಫ್‌ಆರ್ 47, ಬಿಪಿ 150/96. "ಮೂರನೇ ಹಂತವಂತೆ ಕಣೇ" ಎನ್ನುವಾಗ ಅಕ್ಕನ ಗಂಟಲು ಕಟ್ಟಿತ್ತು. ಕೊನೆಯದಾದ ಐದನೇ ಹಂತದಲ್ಲಿ ಕೂತು ಐದು ವರ್ಷ ಕಳೆದ ನನಗೆ ಮೂರು ಎಂದರೆ ಇನ್ನೂ ಎಷ್ಟೋ ದಾರಿ ಕೈಯಲ್ಲಿದೆ ಎಂದೇ ಅನ್ನಿಸಿತು. ನನ್ನ ನಿದ್ದೆ ಕೆಡಿಸಿದ್ದು ಆಮೇಲಿನ ಸುದ್ದಿ. ಆಫೀಸಿನ ಗೆಳೆಯರ ಜೊತೆ ರಥಸಪ್ತಮಿಗೆ 108 ಸೂರ್ಯನಮಸ್ಕಾರಕ್ಕೆ ಹೆಸರು ಬರೆಸಿದ್ದೀಯಂತೆ. "ಯೋಗ ಮಾಡಿಯೇ ಕ್ರಿಯಾಟಿನಿನ್ ಇಳಿಸ್ತೀನಿ" ಅಂದೆಯಂತೆ.

ಅಲ್ಲ ಮಾರಾಯ, ವರ್ಷಗಟ್ಟಲೆ ಕುರ್ಚಿಯಿಂದ ಏಳದವನು ಒಂದೇ ಬೆಳಿಗ್ಗೆ ನೂರೆಂಟು ಹಾಕಿದರೆ ಆಗುವುದೇನು ಗೊತ್ತಾ? ಮೊದಲು ಬೆವರಿ ಮೈಯ ನೀರು ಆರುತ್ತದೆ. ರೂಢಿಯಿಲ್ಲದ ಸ್ನಾಯು ಮಿತಿಮೀರಿ ದುಡಿದರೆ ಒಡೆದು, ಅದರ ಕಸ ರಕ್ತಕ್ಕೆ ಸೇರಿ, ಕೊನೆಗೆ ಸೋಸುವ ಕೆಲಸ ಕಿಡ್ನಿಯ ತಲೆಗೇ ಬರುತ್ತದೆ. ಗಟ್ಟಿಮುಟ್ಟಾದವರ ಕಿಡ್ನಿಯೂ ಹಾಗೆ ಕೈಕೊಟ್ಟದ್ದುಂಟು. ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ, ನೀನು ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫೆನಾಕೋ ಐಬುಪ್ರೊಫೇನೋ ನುಂಗುತ್ತೀಯ. ನನಗೆ ನಮಸ್ಕಾರಕ್ಕಿಂತ ಕಿಡ್ನಿಗೆ ಪೆಟ್ಟು ಕೊಡುವ ಆ ಮಾತ್ರೆಯ ಭಯ ಹೆಚ್ಚು. ಮಂಡಿನೋವಿಗೆ ಅಂತ ವರ್ಷಾನುಗಟ್ಟಲೆ ಅಂಥವನ್ನೇ ನುಂಗಿದವಳು ನಾನು. ನಿನ್ನ ಡಾಕ್ಟರನ್ನು ಕೇಳದೆ ಒಂದೇ ಒಂದು ನೋವಿನ ಮಾತ್ರೆಯನ್ನೂ ಮುಟ್ಟಬೇಡ.

ಇನ್ನೊಂದು ತಮಾಷೆ ಕೇಳು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ. ಮೈಮುರಿದು ಕಸರತ್ತು ಮಾಡಿ ಮಾರನೇ ದಿನ ರಕ್ತ ಕೊಟ್ಟರೆ ಅಂಕಿ ಇಳಿಯುವ ಬದಲು ಏರಿ ಕೂತಿರಬಹುದು. ಇಳಿಸಲು ಹೋದವನು ಏರಿಸಿಕೊಂಡು ಬಂದ ಅನ್ನಿಸಿಕೊಳ್ಳಬೇಡ.

ಹಾಗಾದರೆ ಯೋಗ ಬೇಡವೇ ಅಂತ ಕೇಳುತ್ತೀಯ. ಬೇಕು. ಆದರೆ ಕಿಡ್ನಿ ರಿಪೇರಿಗಲ್ಲ. ಒಂದೊಂದು ಕಿಡ್ನಿಯಲ್ಲಿ ಹತ್ತು ಲಕ್ಷದಷ್ಟು ಸಣ್ಣ ಸಣ್ಣ ಜರಡಿಗಳಿವೆಯಂತೆ. ಕಲೆಗಟ್ಟಿದ ಜರಡಿ ಯಾವ ಆಸನಕ್ಕೂ ಮತ್ತೆ ಚಿಗುರುವುದಿಲ್ಲ. ಉಳಿದವನ್ನು ಹೊಡೆಯುತ್ತಿರುವುದು ನಿನ್ನ ಬಿಪಿ. ನಿಧಾನದ ಆಸನ, ಉಸಿರು, ನಡಿಗೆ, ಒಳ್ಳೆ ನಿದ್ದೆ, ಇವು ಬಿಪಿಯನ್ನು ಒಂದಿಷ್ಟು ತಗ್ಗಿಸಲು ಕೈಜೋಡಿಸುತ್ತವೆ, ಅದೂ ಬಿಪಿ ಮಾತ್ರೆಯ ಜೊತೆಗೆ ನಿಂತು. ಯೋಗ ಶುರುಮಾಡಿದೆ ಅಂತ ಮಾತ್ರೆ ಬಿಟ್ಟರೆ ನಿನ್ನ ಕಿವಿ ಹಿಂಡಲು ಬೆಂಗಳೂರಿಗೇ ಬಂದೇನು.

ಹಿಂಡುವುದು ಅಂದಾಗ ನೆನಪಾಯಿತು. "ಕಿಡ್ನಿ ತೊಳೆಯುವ ಯೋಗ" ಅಂತ ನೀನು ಕಳಿಸಿದ ವಿಡಿಯೋ ನೋಡಿದೆ. ಸೊಂಟ ತಿರುಚಿದರೆ ಕಿಡ್ನಿ ಹಿಂಡಿ ವಿಷವೆಲ್ಲ ಹೊರಗೆ ಬರುತ್ತದಂತೆ! ಕಿಡ್ನಿ ಏನು ಹೊಳೆದಂಡೆಯಲ್ಲಿ ಒಗೆದ ಪಂಚೆಯೇ? ಬೆನ್ನಿನ ಕಡೆ, ಕೆಳಗಿನ ಪಕ್ಕೆಲುಬಿನ ಆಸರೆಯಲ್ಲಿ, ಕೊಬ್ಬಿನ ಹಾಸಿಗೆಯಲ್ಲಿ ಮಲಗಿರುವುದು ಅದು. ವಿಡಿಯೋದ ಕೊನೆಗೆ ಧಾರೆಹುಳಿ ಜ್ಯೂಸ್ ಕುಡಿಯಲು ಹೇಳಿದ್ದಾರೆ. ನಮ್ಮ ಹಿತ್ತಲ ಹಣ್ಣೇ, ಉಪ್ಪಿನಕಾಯಿಗೆ ಹಾಕುತ್ತಿದ್ದುದು. ಕಿಡ್ನಿ ಸೋತವರಿಗೆ ಅದು ಮೆದುಳಿಗೇ ಏರುವ ವಿಷ. ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ನಿನಗೆ ಸದ್ಯಕ್ಕೆ ನಡೆಯುತ್ತದೋ ಇಲ್ಲವೋ ಪೊಟ್ಯಾಸಿಯಂ ರಿಪೋರ್ಟ್ ನೋಡಿ ಡಾಕ್ಟರೇ ಹೇಳಲಿ. ನನಗಂತೂ ನಿಷಿದ್ಧ. ಅಂಗಳದಲ್ಲೇ ಮರ, ಕಾಯಿ ನೋಡಿ ನಿಟ್ಟುಸಿರು.

ನಾನು ಕಲಿತದ್ದು ಪೆಟ್ಟು ತಿಂದೇ. ಡಯಾಲಿಸಿಸ್ ಶುರುವಾದ ಮೊದಲ ವರ್ಷ ಇಲ್ಲೇ ಒಂದು ಯೋಗ ಕ್ಲಾಸಿಗೆ ಸೇರಿದ್ದೆ. ಕಾಯಿಲೆಯ ವಿಷಯ ಮೇಷ್ಟ್ರಿಗೆ ಹೇಳಲು ನಾಚಿಕೆ. ಎಡಗೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಕಾಣದ ಹಾಗೆ ಉದ್ದ ತೋಳಿನ ರವಿಕೆ ಹಾಕಿಕೊಂಡು ಹೋಗುತ್ತಿದ್ದೆ. ಒಂದು ದಿನ ಎರಡೂ ಅಂಗೈ ಊರಿ ಸೊಂಟ ಮೇಲೆತ್ತುವ ಆಸನ ಮಾಡಿಸಿದರು, ಮಾಡಿದೆ. ಫಿಸ್ಟುಲಾ ಮುಟ್ಟಿದರೆ ಜೇನುಪೆಟ್ಟಿಗೆಯ ಮೇಲೆ ಕೈಯಿಟ್ಟ ಹಾಗೆ ಒಳಗೊಂದು ಝೇಂಕಾರ ಇರುತ್ತದೆ. ಅದು ನಿಂತರೆ ನನ್ನ ದಾರಿ ಮುಚ್ಚಿದ ಹಾಗೆ. ಆ ಸಂಜೆ ಕೈಯಿಟ್ಟು ನೋಡಿದರೆ ಸದ್ದು ಸಣ್ಣಗಾದಂತಿತ್ತು. ನಿನ್ನ ಚಿಕ್ಕಪ್ಪ ಊಟದ ತಟ್ಟೆ ಬಿಟ್ಟೆದ್ದು ಆಟೋ ತಂದರು. ಸಿಸ್ಟರ್ ಸ್ಟೆತಾಸ್ಕೋಪ್ ಇಟ್ಟು ಕೇಳಿ "ಹರೀತಾ ಇದೆ ಅಮ್ಮ" ಎನ್ನುವವರೆಗೆ ನನಗೆ ಜೀವವಿರಲಿಲ್ಲ. ತಪ್ಪು ಮೇಷ್ಟ್ರದ್ದಲ್ಲ, ನನ್ನ ಬಾಯಿಯದ್ದು. ನೀನು ಮೊದಲ ದಿನವೇ ರಿಪೋರ್ಟ್ ಹಿಡಿದುಕೊಂಡು ಹೋಗು. "ಏನೂ ಆಗಲ್ಲ, ಮಾಡಿ" ಅನ್ನುವ ಗುರುವಿನ ಹತ್ತಿರ ಎರಡನೇ ದಿನ ಹೋಗಬೇಡ.

ಅಂದಿನಿಂದ ಎಡಗೈಗೆ ಭಾರ ಹಾಕಿಲ್ಲ. ಬಳೆಯೆಲ್ಲ ಬಲಗೈಯಲ್ಲಿ, ಗಡಿಯಾರವೂ ಅಲ್ಲೇ. ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ಗಂಟೆ ಮೆಷೀನಿನ ಮುಂದೆ. ಮೊದಲ ಎರಡು ಗಂಟೆಯೊಳಗೆ ಮಲಗಿದಲ್ಲೇ ಪಾದ ಎಳೆದು ಬಿಡುತ್ತೇನೆ, ಹಿಮ್ಮಡಿ ಜಾರಿಸಿ ಮಂಡಿ ಮಡಚುತ್ತೇನೆ. ಆಮೇಲೆ ಬಿಪಿ ಇಳಿಯುವ ಹೊತ್ತು, ಆಗ ಸುಮ್ಮನೆ ಉಸಿರು ಎಣಿಸುವುದು. ಮೊದಲೆಲ್ಲ ಕೊನೆಯ ಗಂಟೆಯಲ್ಲಿ ಮೀನಖಂಡ ಸೆಳೆದು ಕಿರುಚುತ್ತಿದ್ದೆ. ಈಗ ಕಿರುಚಾಟ ಅಪರೂಪ. ಅವತ್ತು ಮನೆಗೆ ಬಂದರೆ ನಿದ್ದೆಯೇ ಆಸನ.

ಉಳಿದ ದಿನ ಬೆಳಿಗ್ಗೆ ಕಾಫಿಗೆ ಮುಂಚೆ (ಅರ್ಧ ಲೋಟ, ಅಳೆದದ್ದು) ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡುತ್ತೇನೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಕೆಂಪು ನೆಲದ ಮೇಲೆ ಜಾರುತ್ತದೆ. ನಮ್ಮಂಥವರ ಮೂಳೆ ಸುಣ್ಣ ಕಳೆದುಕೊಂಡಿರುತ್ತದೆ, ಒಮ್ಮೆ ಬಿದ್ದರೆ ಮುಗಿಯಿತು. ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಲ್ಲುವ ತಾಡಾಸನ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಕೈಯಿಟ್ಟು ಬೆನ್ನು ಬಾಗಿಸುವುದು, ಸೆಟೆಸುವುದು. ಕೈಯೂರದೆ ಕೂತು ಏಳುವುದು. ಶುರುವಿನಲ್ಲಿ ಎರಡು ಆಗುತ್ತಿರಲಿಲ್ಲ, ಈಗ ಹತ್ತು ಆಗುತ್ತದೆ. ನನ್ನ ಕ್ರಿಯಾಟಿನಿನ್ ಒಂದು ಕೂದಲೆಳೆಯೂ ಇಳಿದಿಲ್ಲ ಪುಟ್ಟ. ಆದರೆ ಗಣಪತಿ ಗುಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದೆ. ನಾನು ಅಳೆಯುವುದು ಅದನ್ನು.

ಕುರ್ಚಿ ಎಂದು ಮೂಗು ಮುರಿಯಬೇಡ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದವರು. ಮುಂದೆ ಪುಣೆಯಲ್ಲಿ ಜಗತ್ತಿಗೇ ಪಾಠ ಹೇಳುವಾಗ ಕುರ್ಚಿ, ಹಗ್ಗ, ಮರದ ತುಂಡುಗಳನ್ನು ಬಳಕೆಗೆ ತಂದದ್ದು ಅವರೇ. ಕಾಯಿಲೆಯ ಮೈ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಉಸಿರಿನದು ಸರಳ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಲಿ. ದುಂಬಿಯ ಹಾಗೆ ಗುನುಗುವ ಭ್ರಾಮರಿ ಮಾಡು, ಮೂಗು ಬದಲಿಸಿ ಉಸಿರಾಡು. ಆದರೆ ಉಸಿರು ಕಟ್ಟಬೇಡ. ಬಿಪಿ ಹತೋಟಿಗೆ ಬರುವ ತನಕ ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ತಲೆಕೆಳಗಾಗುವ ಶೀರ್ಷಾಸನ, ಸರ್ವಾಂಗಾಸನದ ತಂಟೆಗೆ ಹೋಗಬೇಡ. ಶವಾಸನದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೂತು, ನಾಲ್ಕು ಉಸಿರು ಬಿಟ್ಟು ಆಮೇಲೆ ನಿಲ್ಲು. ಬಿಪಿ ಮಾತ್ರೆ ತಗೊಳ್ಳುವವರಿಗೆ ತಟ್ಟನೆ ಎದ್ದರೆ ಕಣ್ಣು ಕತ್ತಲಾಗುತ್ತದೆ. ಮಾಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ಮಾತು ಆಡಲಾಗದಿದ್ದರೆ ಅದು ಅತಿಯಾಯಿತು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡು. ಜ್ವರವಿದ್ದರೆ ಆ ದಿನ ರಜೆ.

ನಿನ್ನ ವಯಸ್ಸಿಗೆ ನನ್ನ ಕುರ್ಚಿಯಷ್ಟೇ ಸಾಲದು, ಗೊತ್ತು. ವಾರಕ್ಕೆ 150 ನಿಮಿಷ ಎನ್ನುತ್ತಾರೆ ಡಾಕ್ಟರುಗಳು, ಮೈಗೆ ಒಗ್ಗುವಷ್ಟು ಎಂದೂ ಸೇರಿಸುತ್ತಾರೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆದರೆ ಅಷ್ಟಾಯಿತು. ಮೊದಲ ವಾರ ಹತ್ತೇ ನಿಮಿಷ ನಡಿ.

ಆಫೀಸಿನವರಿಗೆ ಇವತ್ತೇ ಹೇಳಿಬಿಡು, ನೂರೆಂಟು ಇಲ್ಲ ಅಂತ. ನಾಚಿಕೆಯಾದರೆ ಚಿಕ್ಕಮ್ಮನ ಮೇಲೆ ಹಾಕು. ರಥಸಪ್ತಮಿಯ ದಿನ ನನಗೆ ಡಯಾಲಿಸಿಸ್ ಇಲ್ಲ, ನೀನು ಹಿಂದಿನ ರಾತ್ರಿಯ ಬಸ್ಸಿಗೇ ಬಾ. ಬೇಲಿಯ ಎಕ್ಕದ ಗಿಡ ಚೆನ್ನಾಗಿ ಬೆಳೆದಿದೆ. ತಲೆ, ಭುಜಕ್ಕೆ ಏಳು ಎಲೆ ಇಟ್ಟು ನೀರು ಹಾಕುತ್ತೇನೆ. ಡಾಕ್ಟರು ಒಪ್ಪಿದರೆ ಅಂಗಳದಲ್ಲಿ ಏಳೇ ಏಳು ನಮಸ್ಕಾರ ಹಾಕು, ನಾನು ಕುರ್ಚಿಯಲ್ಲಿ ಕೂತು ಎಣಿಸುತ್ತೇನೆ. ಎಣಿಸುವುದರಲ್ಲಿ ಮೋಸ ಮಾಡುವುದಿಲ್ಲ.

ಬರುವಾಗ ಬಿಪಿ ಮೆಷೀನು ತಾ, ಇಲ್ಲಿಯದರ ಪಟ್ಟಿ ಸಡಿಲವಾಗಿದೆ.

ಇಂತಿ ನಿನ್ನ,
ಚಿಕ್ಕಮ್ಮ